ತವರನ್ನು ತೊರೆದ ಆಟಗಾರರು: ಟೆಕ್ಸಸ್-ಓಕ್ಲಹೋಮ ಸ್ಪರ್ಧೆಯ ಒಂದು ಐತಿಹಾಸಿಕ ಪರಿಶೀಲನೆ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಶ್ವವಿದ್ಯಾನಿಲಯಗಳ ಫುಟ್‌ಬಾಲ್ ಆಟಕ್ಕೆ ಇರುವ ಸ್ಥಾನವನ್ನು ನಮ್ಮ ಕಾಲೇಜುಗಳ ಕ್ರೀಡೆಗಳನ್ನು ನೋಡಿ ಊಹಿಸುವುದು ಕಷ್ಟ. ಅಲ್ಲಿ ಫುಟ್‌ಬಾಲ್ ಎಂದರೆ ನಮಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಆಟ. ೧೮೬೯ರ ನವೆಂಬರ್ ೬ರಂದು ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಇದರ ಆರಂಭವೆಂದು ಎಣಿಸುವ ವಾಡಿಕೆಯುಂಟು. ಕಾಲಕ್ರಮದಲ್ಲಿ ರಾಜ್ಯ ವಿಶ್ವವಿದ್ಯಾನಿಲಯದ ತಂಡವು ಇಡೀ ರಾಜ್ಯದ ಮಾನಕ್ಕೆ ಪ್ರತೀಕವಾಯಿತು. ಪ್ರೌಢಶಾಲೆಯಲ್ಲಿ ಹೆಸರು ಮಾಡಿದ ಹುಡುಗನನ್ನು ವಿದ್ಯಾರ್ಥಿವೇತನವಿತ್ತು ಸೇರಿಸಿಕೊಳ್ಳುವುದಕ್ಕಾಗಿ ತರಬೇತುದಾರರು ಅವನ ಮನೆಯ ಬಾಗಿಲಿಗೇ ಹೋಗುತ್ತಾರೆ. ಇಂಥ ಹುಡುಗನು ತನ್ನ ರಾಜ್ಯವನ್ನು ಬಿಟ್ಟು ಪ್ರತಿಸ್ಪರ್ಧಿಯ ತಂಡವನ್ನು ಸೇರಿದರೆ ಊರಿನವರು ಅದನ್ನು ನಷ್ಟವೆಂದು ಮಾತ್ರವಲ್ಲ, ಒಂದು ಬಗೆಯ ದ್ರೋಹವೆಂದೂ ಭಾವಿಸುವುದುಂಟು.

ಅವನು ಹೋದುದೇಕೆ? ಪ್ರತಿಸ್ಪರ್ಧಿಯು ಆಸೆ ತೋರಿಸಿ ಸೆಳೆದುಕೊಂಡನೆಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರದಲ್ಲಿ ಸತ್ಯಾಂಶವಿದ್ದರೂ ಅದು ಸಾಲದೆಂದು ನಮ್ಮ ಅಭಿಪ್ರಾಯ. ಇಂಥ ನಷ್ಟಗಳ ಮೂಲವನ್ನು ನೆರೆಯವನ ಅಂಗಳಕ್ಕಿಂತ ಮೊದಲು ತವರಿನ ಹೊಸ್ತಿಲಲ್ಲೇ ಹುಡುಕಬೇಕೆಂಬುದನ್ನು ಟೆಕ್ಸಸ್ ಮತ್ತು ಓಕ್ಲಹೋಮ ವಿಶ್ವವಿದ್ಯಾನಿಲಯಗಳ ಚರಿತ್ರೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಈ ಎರಡು ತಂಡಗಳು ಮೊದಲು ಸೆಣಸಿದುದು ೧೯೦೦ರಲ್ಲಿ. ಅವುಗಳ ವಾರ್ಷಿಕ ಪಂದ್ಯ ನಡೆಯುವುದು ಡಲ್ಲಾಸ್ ನಗರದಲ್ಲಿ. ಅಲ್ಲಿಂದ ದಕ್ಷಿಣಕ್ಕಿರುವ ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾನಿಲಯಕ್ಕೂ ಉತ್ತರಕ್ಕಿರುವ ನಾರ್ಮನ್ ಪಟ್ಟಣದ ಓಕ್ಲಹೋಮ ವಿಶ್ವವಿದ್ಯಾನಿಲಯಕ್ಕೂ ಹೆಚ್ಚುಕಡಿಮೆ ಒಂದೇ ದೂರ. ದೂರ ಸಮವಾದರೂ ಬಲ ಸಮವಲ್ಲ. ೧೯೭೦ರ ಜನಗಣತಿಯಂತೆ ಟೆಕ್ಸಸ್‌ನ ಜನಸಂಖ್ಯೆ ಸುಮಾರು ೧ ಕೋಟಿ ೧೨ ಲಕ್ಷ. ಓಕ್ಲಹೋಮದ್ದು ೨೬ ಲಕ್ಷಕ್ಕೂ ಕಡಿಮೆ. ಫುಟ್‌ಬಾಲನ್ನು ವ್ರತದಂತೆ ಪಾಲಿಸುವ ಪ್ರೌಢಶಾಲೆಗಳು ಟೆಕ್ಸಸ್‌ನ ಊರೂರಿನಲ್ಲಿದ್ದವು. ಹೀಗಿದ್ದೂ ೧೯೭೧ರಿಂದ ೧೯೭೫ರವರೆಗೆ ಸತತವಾಗಿ ಐದು ವರ್ಷ ಓಕ್ಲಹೋಮವೇ ಗೆದ್ದಿತು. ಅದೂ ಬಹುಮಟ್ಟಿಗೆ ಟೆಕ್ಸಸ್‌ನ ಮಕ್ಕಳನ್ನೇ ಮುಂದಿಟ್ಟುಕೊಂಡು.

೨

ಈ ವಿಚಿತ್ರವನ್ನು ಅರಿಯಲು ಆಟದ ಬಯಲಿನಿಂದ ನ್ಯಾಯಾಲಯದ ಕಡೆಗೆ ತಿರುಗಬೇಕಾಗಿದೆ. ೧೯೫೦ರ ಜೂನ್ ೫ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಒಂದೇ ದಿನ ಎರಡು ತೀರ್ಪುಗಳನ್ನಿತ್ತಿತು. ಹೀಮನ್ ಸ್ವೆಟ್ ಎಂಬ ಕಪ್ಪು ಜನಾಂಗದ ಅಭ್ಯರ್ಥಿಯನ್ನು ಟೆಕ್ಸಸ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಗೆ ಸೇರಿಸಿಕೊಳ್ಳಬೇಕೆಂಬುದು ಮೊದಲನೆಯದು. ಎರಡನೆಯದು ಓಕ್ಲಹೋಮಕ್ಕೆ ಸಂಬಂಧಿಸಿದುದು. ಅಲ್ಲಿ ಜಾರ್ಜ್ ಮೆಕ್‌ಲಾರಿನ್ ಎಂಬ ಕಪ್ಪು ಜನಾಂಗದ ವಿದ್ಯಾರ್ಥಿಯನ್ನು ಸೇರಿಸಿಕೊಂಡಿದ್ದರೂ ತರಗತಿಯಲ್ಲಿಯೂ ಗ್ರಂಥಾಲಯದಲ್ಲಿಯೂ ಭೋಜನಶಾಲೆಯಲ್ಲಿಯೂ ಪ್ರತ್ಯೇಕವಾಗಿ ಕೂರಿಸುತ್ತಿದ್ದರು. ಹಾಗೆ ಕೂರಿಸಕೂಡದೆಂದು ನ್ಯಾಯಾಲಯವು ಸಾರಿತು. ವರ್ಣಭೇದದ ವಿಷಯದಲ್ಲಿ ಎರಡು ವಿಶ್ವವಿದ್ಯಾನಿಲಯಗಳಿಗೂ ಅಂದು ಒಂದೇ ಪಾಠ ಹೇಳಿದಂತಾಯಿತು. ಅದನ್ನು ಆಟದ ಬಯಲಿಗೆ ಅನ್ವಯಿಸಲು ಅವು ತೆಗೆದುಕೊಂಡ ಕಾಲ ಮಾತ್ರ ಒಂದೇ ಆಗಿರಲಿಲ್ಲ.

ಓಕ್ಲಹೋಮ ಸಿಟಿಯ ಪ್ರೆಂಟಿಸ್ ಗಾಟ್ ಎಂಬ ಕಪ್ಪು ಜನಾಂಗದ ಯುವಕ ೧೯೫೬ರಲ್ಲಿ ನಾರ್ಮನ್ನಿಗೆ ಬಂದನು. ಅವನ ವ್ಯಾಸಂಗದ ವೆಚ್ಚಕ್ಕೆ ಮೊದಲು ಹಣ ಕೂಡಿಸಿದವರು ಅವನ ಜನಾಂಗದವರೇ ಆದ ವೈದ್ಯರು ಮತ್ತು ಔಷಧ ವ್ಯಾಪಾರಿಗಳು. ತರಬೇತುದಾರ ಬಡ್ ವಿಲ್ಕಿನ್‌ಸನ್ ಅವನನ್ನು ತಂಡಕ್ಕೆ ಸೇರಿಸಿಕೊಂಡರು. ೧೯೫೭ರಲ್ಲಿ ಅವನು ಮುಖ್ಯ ತಂಡದ ಪರವಾಗಿ ಆಡಿದನು. ಟೆಕ್ಸಸ್ ವಿಶ್ವವಿದ್ಯಾನಿಲಯವೂ ೧೯೫೬ರಲ್ಲಿ ತನ್ನ ಪದವಿ ತರಗತಿಗಳನ್ನು ಕಪ್ಪು ವಿದ್ಯಾರ್ಥಿಗಳಿಗೆ ತೆರೆಯಿತು. ಆದರೆ ಓದುವ ಕೋಣೆಗೆ ಬರಬಹುದಾದವನು ಆಟದ ಬಯಲಿಗೆ ಬರುವಂತಿರಲಿಲ್ಲ. ಈ ನಿಷೇಧವನ್ನು ೧೯೬೩ರಲ್ಲಿ ಆಡಳಿತ ಮಂಡಲಿ ತೆಗೆದುಹಾಕಿತಾದರೂ, ಟೆಕ್ಸಸ್‌ನ ಮುಖ್ಯ ತಂಡದಲ್ಲಿ ಜೂಲಿಯಸ್ ವಿಟಿಯರ್ ಎಂಬ ಮೊದಲ ಕಪ್ಪು ಆಟಗಾರ ಕಾಣಿಸಿಕೊಳ್ಳಬೇಕಾದರೆ ೧೯೭೦ನೆಯ ಇಸವಿಯೇ ಬರಬೇಕಾಯಿತು. ೧೯೫೭ಕ್ಕೂ ೧೯೭೦ಕ್ಕೂ ನಡುವಿನ ಈ ಹದಿಮೂರು ವರ್ಷಗಳ ಅಂತರವು ನಮ್ಮ ವಿಷಯದ ಮರ್ಮ.

೩

ಆ ಹದಿಮೂರು ವರ್ಷಗಳಲ್ಲಿ ಟೆಕ್ಸಸ್‌ನ ಪ್ರತಿಭಾವಂತರಾದ ಕಪ್ಪು ಹುಡುಗರು ಎಲ್ಲಿಗೆ ಹೋದರು? ಕೆಲವರು ಪ್ರೇರಿ ವ್ಯೂ ಮೊದಲಾದ ಕಪ್ಪು ಜನಾಂಗದ ಕಾಲೇಜುಗಳಿಗೆ ಹೋದರು. ಕೆಲವರು ದೂರದ ಉತ್ತರಕ್ಕೆ ಹೋದರು. ಬೋಮಾಂಟ್‌ನ ಬಬ್ಬಾ ಸ್ಮಿತ್ ಮತ್ತು ಲಾ ಪೋರ್ಟ್‌ನ ಜೀನ್ ವಾಷಿಂಗ್ಟನ್ ಇಬ್ಬರೂ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸೇರಿದರು. ೧೯೬೭ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ದೇಶದಲ್ಲೇ ಮೊದಲನೆಯವನಾಗಿ ಆಯ್ಕೆಯಾದವನು ಸ್ಮಿತ್; ವಾಷಿಂಗ್ಟನ್ ಎಂಟನೆಯವನು. ಮತ್ತೆ ಕೆಲವರು ರಾಜ್ಯದೊಳಗೇ ಬೇರೆ ಬಾಗಿಲು ತಟ್ಟಿದರು. ಸ್ಯಾನ್ ಆಂಟೋನಿಯೊದ ವಾರನ್ ಮೆಕ್‌ವೇ ೧೯೬೪ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾನಿಲಯಕ್ಕೂ, ಬೋಮಾಂಟ್‌ನ ಜೆರಿ ಲೆವಾಯಸ್ ೧೯೬೫ರಲ್ಲಿ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯಕ್ಕೂ ಸಹಿ ಮಾಡಿದರು. ಲೆವಾಯಸ್ ಮೈದಾನದಲ್ಲಿ ಸಹಿಸಿದ ನಿಂದೆ ಸಾಮಾನ್ಯವಾದುದಲ್ಲ. ಆದರೆ ಅವನು ಆಡಿದ ಮೊದಲ ವರ್ಷವೇ, ೧೯೬೬ರಲ್ಲಿ, ಆ ಸಂಸ್ಥೆಯು ೧೯೪೮ರಿಂದ ಕಾಣದಿದ್ದ ಪ್ರಾದೇಶಿಕ ಪ್ರಶಸ್ತಿಯನ್ನು ಪಡೆಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಆಸ್ಟಿನ್ನಿನಲ್ಲಿ ಯಾರಿಗೂ ನಷ್ಟದ ಅರಿವಾಗಲಿಲ್ಲವೇಕೆ? ಟೆಕ್ಸಸ್ ಗೆಲ್ಲುತ್ತಿದ್ದುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ೧೯೫೮ರಿಂದ ೧೯೭೦ರವರೆಗಿನ ಹದಿಮೂರು ಪಂದ್ಯಗಳಲ್ಲಿ ಹನ್ನೆರಡನ್ನು ಅದು ಓಕ್ಲಹೋಮದ ಮೇಲೆ ಗೆದ್ದಿತು. ೧೯೬೩ರಲ್ಲಿ ರಾಷ್ಟ್ರಪ್ರಶಸ್ತಿ ಪಡೆಯಿತು. ೧೯೬೯ರಲ್ಲಿ ಮತ್ತೆ ಪಡೆಯಿತು. ಬಿಳಿಯರೇ ತುಂಬಿದ್ದ ತಂಡವೊಂದು ಆ ಪ್ರಶಸ್ತಿಯನ್ನು ಪಡೆದುದು ಅದೇ ಕೊನೆಯ ಸಲ. ಗೆದ್ದವನು ತನ್ನ ಕಣಜದ ಸೋರಿಕೆಯನ್ನು ನೋಡುವುದಿಲ್ಲ. ತರಬೇತುದಾರ ಡ್ಯಾರೆಲ್ ರಾಯಲ್ ಅವರ ಸಾಮರ್ಥ್ಯವನ್ನು ಯಾರೂ ಅಲ್ಲಗಳೆಯರು. ಅವರು ಹುಟ್ಟಿದುದು ಓಕ್ಲಹೋಮದ ಹಾಲಿಸ್‌ನಲ್ಲಿ, ಆಡಿದುದು ವಿಲ್ಕಿನ್‌ಸನ್ ಅವರ ಕೈಕೆಳಗೆ ಎಂಬುದನ್ನು ನೆನೆದರೆ, ತವರು ಎಂಬ ಮಾತು ಎಷ್ಟು ಸಡಿಲವಾದುದೆಂಬುದೂ ಹೊಳೆಯುತ್ತದೆ.

೪

೧೯೭೧ರಲ್ಲಿ ಲೆಕ್ಕ ತೀರುವ ಕಾಲ ಬಂದಿತು. ಆ ವರ್ಷ ಓಕ್ಲಹೋಮ ೪೮-೨೭ರಿಂದ ಗೆದ್ದಿತು. ಅಂದು ೨೧೬ ಗಜ ಓಡಿದ ಗ್ರೆಗ್ ಪ್ರುಯಿಟ್ ಹ್ಯೂಸ್ಟನ್ ನಗರದವನು. ಅವನ ಊರಿನಿಂದ ಆಸ್ಟಿನ್ ಸುಮಾರು ೧೬೫ ಮೈಲಿ. ನಾರ್ಮನ್ ೪೦೦ ಮೈಲಿಗೂ ಮೀರಿದ ದಾರಿ. ಅವನ ಹಿಂದೆಯೇ ಪೋರ್ಟ್ ಆರ್ಥರ್‌ನ ಜೋ ವಾಷಿಂಗ್ಟನ್ ಬಂದನು. ಅನಂತರ ಹುಕ್ಸ್ ಎಂಬ ಸಣ್ಣ ಊರಿನ ಬಿಲ್ಲಿ ಸಿಮ್ಸ್ ಬಂದನು. ೧೯೭೨ರಲ್ಲಿ ೨೭-೦, ೧೯೭೩ರಲ್ಲಿ ೫೨-೧೩ ಎಂಬ ಅಂತರಗಳಿಂದ ಟೆಕ್ಸಸ್ ಸೋತಿತು. ೧೯೭೪ ಮತ್ತು ೧೯೭೫ರಲ್ಲಿ ಓಕ್ಲಹೋಮ ರಾಷ್ಟ್ರಪ್ರಶಸ್ತಿಯನ್ನೇ ಪಡೆಯಿತು. ದೇಶದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ೧೯೭೮ರಲ್ಲಿ ಸಿಮ್ಸ್‌ಗೆ ದೊರೆಯಿತು.

ಇಲ್ಲಿ ಮೂರು ಆಕ್ಷೇಪಗಳನ್ನು ಪರಿಶೀಲಿಸುವುದು ನ್ಯಾಯ. ಮೊದಲನೆಯದು, ಓಕ್ಲಹೋಮ ವಾಮಮಾರ್ಗ ಹಿಡಿಯಿತೆಂಬುದು. ಟೆಕ್ಸಸ್‌ನಿಂದ ಬಂದ ಆಟಗಾರನೊಬ್ಬನ ಪ್ರೌಢಶಾಲೆಯ ಅಂಕಪಟ್ಟಿಯನ್ನು ತಿದ್ದಿದ್ದ ಸಂಗತಿ ೧೯೭೩ರಲ್ಲಿ ಬಯಲಾಗಿ, ಆ ತಂಡಕ್ಕೆ ಋತುವಿನ ಕೊನೆಯ ಬೌಲ್ ಪಂದ್ಯಗಳೂ ದೂರದರ್ಶನ ಪ್ರಸಾರವೂ ಎರಡೆರಡು ವರ್ಷ ನಿಷಿದ್ಧವಾದುವು. ಇದು ನಿಜ. ಆದರೆ ಶಿಕ್ಷೆಯ ಆ ವರ್ಷಗಳಲ್ಲಿಯೂ ಟೆಕ್ಸಸ್‌ನ ಹುಡುಗರು ನಾರ್ಮನ್ನಿಗೆ ಹೋಗುವುದು ನಿಲ್ಲಲಿಲ್ಲ. ಆದುದರಿಂದ ಅಕ್ರಮವೊಂದರಿಂದಲೇ ಈ ವಲಸೆಯನ್ನು ವಿವರಿಸಲಾಗದು.

ಎರಡನೆಯದು, ಬಿಳಿಯ ಹುಡುಗರೂ ಹೋದರಲ್ಲವೆ ಎಂಬುದು. ೧೯೭೧ರ ಓಕ್ಲಹೋಮ ತಂಡವನ್ನು ನಡೆಸಿದ ಜ್ಯಾಕ್ ಮಿಲ್ಡ್ರನ್ ಟೆಕ್ಸಸ್‌ನ ಆಬಿಲೀನ್‌ನಿಂದ ಬಂದ ಬಿಳಿಯನೇ. ಹೌದು, ಸಮೃದ್ಧವಾದ ರಾಜ್ಯದಿಂದ ಕೆಲವರು ಹೊರಹೋಗುವುದು ಸ್ವಾಭಾವಿಕ, ಎಲ್ಲರಿಗೂ ಒಂದೇ ತಂಡದಲ್ಲಿ ಸ್ಥಳವಿರುವುದಿಲ್ಲ. ಆದರೆ ಹಾಗೆ ಹೋದವನು ಎರಡು ತೆರೆದ ಬಾಗಿಲುಗಳಲ್ಲಿ ಒಂದನ್ನು ಆರಿಸಿಕೊಂಡನು. ಬಬ್ಬಾ ಸ್ಮಿತ್‌ಗೆ ಆ ಆಯ್ಕೆಯೇ ಇರಲಿಲ್ಲ.

ಮೂರನೆಯ ಆಕ್ಷೇಪವೇ ಹೆಚ್ಚು ಗಂಭೀರವಾದುದು. ಓಕ್ಲಹೋಮವು ೧೯೫೭ರಿಂದಲೇ ಕಪ್ಪು ಆಟಗಾರರನ್ನು ಸೇರಿಸಿಕೊಂಡಿದ್ದರೆ ೧೯೭೦ರವರೆಗೆ ಸೋಲುತ್ತಲೇ ಬಂದುದೇಕೆ? ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಫಲ ದೊರೆಯುವುದಿಲ್ಲವೆಂಬುದೇ ಇದಕ್ಕೆ ಉತ್ತರ. ಟೆಕ್ಸಸ್‌ನ ಕಪ್ಪು ಪ್ರೌಢಶಾಲೆಗಳಿಗೆ ೧೯೭೦ರವರೆಗೆ ಬೇರೆಯೇ ಕ್ರೀಡಾಮಂಡಲಿ ಇತ್ತು. ಆ ಊರುಗಳಿಗೆ ಹೋಗಿ, ಆಟಗಳನ್ನು ನೋಡಿ, ತಾಯಿತಂದೆಗಳ ವಿಶ್ವಾಸ ಗಳಿಸಬೇಕಾಗಿತ್ತು. ೧೯೬೬ರಲ್ಲಿ ಸಹಾಯಕನಾಗಿ ಬಂದು ೧೯೭೩ರಲ್ಲಿ ಮುಖ್ಯ ತರಬೇತುದಾರರಾದ ಬ್ಯಾರಿ ಸ್ವಿಟ್ಸರ್ ಈ ಕೆಲಸದಲ್ಲಿ ನಿಪುಣರಾಗಿದ್ದರು. ಜೊತೆಗೆ, ಟೆಕ್ಸಸ್ ತಂಡವೇ ೧೯೬೮ರಲ್ಲಿ ರೂಪಿಸಿದ ‘ವಿಶ್‌ಬೋನ್’ ಎಂಬ ವ್ಯೂಹವನ್ನು ಓಕ್ಲಹೋಮ ೧೯೭೦ರಲ್ಲಿ ಅಳವಡಿಸಿಕೊಂಡಿತು. ವೇಗವಾಗಿ ಓಡುವವನಿಗೆ ಆ ವ್ಯೂಹದಲ್ಲಿ ವಿಶೇಷ ಅವಕಾಶ. ಹೀಗೆ ವ್ಯೂಹವೂ ಟೆಕ್ಸಸ್‌ನದು, ಓಟಗಾರರೂ ಟೆಕ್ಸಸ್‌ನವರು. ಗೆಲುವು ಮಾತ್ರ ಓಕ್ಲಹೋಮದ್ದಾಯಿತು.

೫

ಟೆಕ್ಸಸ್ ಬಾಗಿಲನ್ನು ತೆರೆದ ಮೇಲೂ ನಷ್ಟ ಕೂಡಲೇ ನಿಲ್ಲಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ೧೯೭೨ರಲ್ಲಿ ಅಸೋಸಿಯೇಟೆಡ್ ಪ್ರೆಸ್ ವಾರ್ತಾಸಂಸ್ಥೆಯು ಆಸ್ಟಿನ್ನಿನ ಕಪ್ಪು ಆಟಗಾರರ ಸ್ಥಿತಿಗತಿಗಳನ್ನು ಕುರಿತು ಲೇಖನಮಾಲೆಯೊಂದನ್ನು ಪ್ರಕಟಿಸಿತು. ಇಂಥ ಕೀರ್ತಿ-ಅಪಕೀರ್ತಿಗಳು ನಿಯಮ ಬದಲಾದ ದಿನವೇ ಬದಲಾಗುವುದಿಲ್ಲ. ಬ್ರೆನ್‌ಹ್ಯಾಮ್‌ನ ರೂಸ್ವೆಲ್ಟ್ ಲೀಕ್ಸ್ ಟೆಕ್ಸಸ್ ಪರವಾಗಿ ಆಡಿ ೧೯೭೩ರಲ್ಲಿ ದೇಶದ ಶ್ರೇಷ್ಠರ ಪಟ್ಟಿಗೆ ಸೇರಿದುದು ಒಂದು ತಿರುವು. ೧೯೭೪ರಲ್ಲಿ ಟೈಲರ್ ಪಟ್ಟಣದ ಅರ್ಲ್ ಕ್ಯಾಂಬೆಲ್‌ಗಾಗಿ ಎರಡು ವಿಶ್ವವಿದ್ಯಾನಿಲಯಗಳೂ ಹೆಣಗಿದುವು. ಟೆಕ್ಸಸ್‌ನ ಸಹಾಯಕ ತರಬೇತುದಾರ ಕೆನ್ ಡ್ಯಾಬ್ಸ್ ಆ ಪಟ್ಟಣದಲ್ಲೇ ಬಹುಕಾಲ ತಂಗಿ, ಆ ಬಡ ಕುಟುಂಬದ ವಿಶ್ವಾಸ ಗಳಿಸಿದರು. ಕ್ಯಾಂಬೆಲ್ ತವರಿನಲ್ಲೇ ಉಳಿದನು. ೧೯೭೭ರಲ್ಲಿ ಟೆಕ್ಸಸ್ ೧೩-೬ರಿಂದ ಓಕ್ಲಹೋಮವನ್ನು ಸೋಲಿಸಿತು; ಆ ವರ್ಷದ ಹೈಸ್ಮನ್ ಪ್ರಶಸ್ತಿ ಅವನಿಗೆ ಬಂದಿತು. ಆ ವಿಶ್ವವಿದ್ಯಾನಿಲಯಕ್ಕೆ ಅದೇ ಮೊದಲನೆಯದು.

ವರ್ಣದ ಗೋಡೆ ಬಿದ್ದ ಮೇಲೆ ಬೇರೆ ಕಾರಣಗಳು ಮುಂದೆ ಬಂದುವು. ೧೯೭೩ಕ್ಕೆ ಮೊದಲು ಸಿರಿವಂತ ಸಂಸ್ಥೆಯೊಂದು ತನಗೆ ಬೇಡದ ಆಟಗಾರನನ್ನೂ ಪ್ರತಿಸ್ಪರ್ಧಿಗೆ ದೊರೆಯದಂತೆ ವಿದ್ಯಾರ್ಥಿವೇತನ ಕೊಟ್ಟು ಕೂರಿಸಿಕೊಳ್ಳಬಹುದಾಗಿತ್ತು. ಆ ವರ್ಷ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು ವಿದ್ಯಾರ್ಥಿವೇತನಗಳಿಗೆ ೧೦೫ರ ಮಿತಿಯನ್ನು ವಿಧಿಸಿತು. ಅದು ಇಳಿದು ೧೯೯೪ರ ವೇಳೆಗೆ ೮೫ ಆಯಿತು. ಮಿತಿ ಬಂದ ಮೇಲೆ ಆಯ್ಕೆಯ ತಪ್ಪು ದುಬಾರಿಯಾಯಿತು. ಆಸ್ಟಿನ್ನಿನಲ್ಲೇ ಬೆಳೆದ ಬೇಕರ್ ಮೇಫೀಲ್ಡ್‌ಗೆ ಅವನ ಊರಿನ ವಿಶ್ವವಿದ್ಯಾನಿಲಯ ವಿದ್ಯಾರ್ಥಿವೇತನ ಕೊಡಲಿಲ್ಲ. ಅವನು ಟೆಕ್ಸಸ್ ಟೆಕ್ ಮೂಲಕ ಓಕ್ಲಹೋಮಕ್ಕೆ ಹೋಗಿ ೧೯೧೭ರ ನೂರು ವರ್ಷಗಳ ತರುವಾಯ, ಎಂದರೆ ೨೦೧೭ರಲ್ಲಿ, ಹೈಸ್ಮನ್ ಪ್ರಶಸ್ತಿ ಪಡೆದನು. ಮರುವರ್ಷ ಅದನ್ನು ಪಡೆದ ಕೈಲರ್ ಮರ್ರೆಯೂ ಟೆಕ್ಸಸ್‌ನ ಆಲೆನ್‌ನಿಂದ ಬಂದ ಓಕ್ಲಹೋಮದ ಆಟಗಾರನೇ.

ಈಚೆಗೆ ಆಟಗಾರನ ಸ್ವಾತಂತ್ರ್ಯ ಇನ್ನೂ ಹೆಚ್ಚಿದೆ. ೨೦೧೮ರಲ್ಲಿ ಬಂದ ವರ್ಗಾವಣೆಯ ಹೊಸ ವ್ಯವಸ್ಥೆಯಿಂದ ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದನ್ನು ಸೇರುವುದು ಸುಲಭವಾಯಿತು. ೨೦೨೧ರ ಜುಲೈ ೧ರಿಂದ ತನ್ನ ಹೆಸರು ಮತ್ತು ಚಿತ್ರಗಳ ಬಳಕೆಗೆ ಅವನು ಹಣ ಪಡೆಯಬಹುದು. ೨೦೨೫ರ ಜುಲೈ ೧ರಿಂದ ವಿಶ್ವವಿದ್ಯಾನಿಲಯಗಳೇ ಆಟಗಾರರಿಗೆ ನೇರವಾಗಿ ಹಣ ಹಂಚತೊಡಗಿವೆ. ಮೊದಲ ವರ್ಷಕ್ಕೆ ಪ್ರತಿಯೊಂದು ಸಂಸ್ಥೆಗೂ ಗೊತ್ತುಮಾಡಿದ ಮಿತಿ ಸುಮಾರು ೨ ಕೋಟಿ ೫ ಲಕ್ಷ ಡಾಲರು. ಹಣದ ಬಲವೇ ಇನ್ನು ಎಲ್ಲವನ್ನೂ ನಿರ್ಧರಿಸುವುದೆಂದು ಹಲವರು ಹೇಳುತ್ತಾರೆ. ಆದರೆ ಮಿತಿ ಎಲ್ಲರಿಗೂ ಒಂದೇ ಆದಾಗ, ಹುಡುಗನನ್ನು ಮೊದಲು ಗುರುತಿಸಿದವರು ಯಾರು, ಅವನಿಗೆ ಆಡುವ ಸ್ಥಾನವನ್ನು ಕೊಡುವವರು ಯಾರು, ಅವನ ಮನೆಯವರೊಡನೆ ಮಾತನಾಡಿದವರು ಯಾರು ಎಂಬ ಹಳೆಯ ಪ್ರಶ್ನೆಗಳಿಗೆ ಬೆಲೆ ಕುಗ್ಗುವುದಿಲ್ಲ.

೬

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ‘ನಮ್ಮ ಹುಡುಗ’ ಎಂಬ ಮಾತಿನಲ್ಲಿ ರಾಜ್ಯವು ಒಂದು ಹಕ್ಕನ್ನು ಸ್ಥಾಪಿಸುತ್ತದೆ. ಆದರೆ ಆ ಹುಡುಗನಿಗೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸದೆ ಆ ಹಕ್ಕನ್ನು ಹೇಳಿದಾಗಲೆಲ್ಲ ಅದು ಬರಿಯ ಮಾತಾಗಿ ಉಳಿದಿದೆ. ಟೆಕ್ಸಸ್ ತನ್ನ ಆಟಗಾರರನ್ನು ಕಳೆದುಕೊಂಡುದು ೧೯೭೧ರ ಅಕ್ಟೋಬರಿನಲ್ಲಲ್ಲ. ಗೆಲುವಿನ ಮೇಲೆ ಗೆಲುವು ಬರುತ್ತಿದ್ದ ಹಿಂದಿನ ಹದಿಮೂರು ವರ್ಷಗಳಲ್ಲಿ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲಿ ವಿಧಾನದ ಪಾಠವೊಂದೂ ಇದೆ. ಸಂಸ್ಥೆಗಳು ಬಂದವರ ಹೆಸರನ್ನು ದಾಖಲೆ ಮಾಡುತ್ತವೆ. ಬರಲಾಗದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಆ ಹೆಸರುಗಳು ದೊರೆಯುವುದು ನೆರೆಯವರ ದಫ್ತರದಲ್ಲಿ. ಒಂದು ಸಂಸ್ಥೆಯ ಏಳುಬೀಳುಗಳನ್ನು ಬರೆಯಹೊರಟವರು ಅದರ ಪ್ರತಿಸ್ಪರ್ಧಿಯ ದಾಖಲೆಗಳನ್ನೂ ತೆರೆದು ನೋಡಿದರೆ, ಸೋಲಿನ ಕಾರಣಗಳು ಸೋಲಿಗಿಂತ ಎಷ್ಟು ಮೊದಲೇ ಹುಟ್ಟಿದ್ದುವೆಂಬುದು ಸ್ಪಷ್ಟವಾದೀತು.