ಹಾನ್‌ಕೌ: ಲೆಕ್ಕಕ್ಕೆ ಸಿಗದ ವ್ಯಾಪಾರ

ಚೀನಾದ ವೂಹಾನ್ ನಗರದ ಹಾನ್‌ಕೌ ದಂಡೆಯಲ್ಲಿ ಉಳಿದಿರುವ ಹಳೆಯ ಕಟ್ಟಡಗಳ ಸಾಲು ನೋಡಿದರೆ, ಊರು ಕಟ್ಟಿದವರು ಯುರೋಪಿನವರೇ ಅನ್ನಿಸುವುದು ಸಹಜ. 1924ರಲ್ಲಿ ಪೂರ್ಣಗೊಂಡ, ಗಡಿಯಾರ ಗೋಪುರ ಹೊತ್ತ ಸುಂಕದ ಕಚೇರಿ, ದಪ್ಪ ಕಂಬಗಳ ಬ್ಯಾಂಕುಗಳು, ಕಾನ್ಸುಲೇಟುಗಳು ಎಲ್ಲವೂ ಅದನ್ನೇ ಹೇಳುತ್ತವೆ. ಕಡಲಿನಿಂದ ಸುಮಾರು ಸಾವಿರ ಕಿಲೋಮೀಟರ್ ಒಳಗಿರುವ ಈ ನದೀಬಂದರು 1858ರ ಟಿಯಾಂಜಿನ್ ಒಪ್ಪಂದದ ಫಲವಾಗಿ 1861ರಲ್ಲಿ ವಿದೇಶಿಯರಿಗೆ ತೆರೆದುಕೊಂಡಿತು. ಅದೇ ವರ್ಷ ಬ್ರಿಟಿಷರು ದಂಡೆಯಲ್ಲಿ ತಮ್ಮದೇ ಆಡಳಿತದ ವಸಾಹತು ಪಡೆದರು. 1895ರಲ್ಲಿ ಜರ್ಮನ್ನರು, ಮರುವರ್ಷ ರಷ್ಯನ್ನರು ಮತ್ತು ಫ್ರೆಂಚರು, 1898ರಲ್ಲಿ ಜಪಾನೀಯರು ಪಕ್ಕಪಕ್ಕದಲ್ಲೇ ಬಂದು ಕೂತರು. ಆದರೆ ವ್ಯಾಪಾರ ಇವರ ಹಿಂದೆ ಬಂದದ್ದಲ್ಲ, ವ್ಯಾಪಾರ ಇದ್ದ ಕಡೆಗೆ ಇವರು ಬಂದರು. ಇವರು ಇದ್ದದ್ದಕ್ಕಿಂತ ದೊಡ್ಡವರಾಗಿ ಕಾಣುವುದಕ್ಕೆ ಕಾರಣ, ಲೆಕ್ಕ ಬರೆದಿಟ್ಟ ರೀತಿ ಮತ್ತು ಸುಟ್ಟುಹೋಗದೆ ಉಳಿದ ಗೋಡೆಗಳು.

ಹಾನ್ ನದಿ ಯಾಂಗ್‌ಟ್ಸಿಯನ್ನು ಸೇರುವ ಜಾಗ ಇದು. ಉಗಿಹಡಗು ಬರುವ ಮೊದಲೇ ಚೀನೀಯರು ಎಣಿಸುತ್ತಿದ್ದ ನಾಲ್ಕು ಮಹಾಪೇಟೆಗಳಲ್ಲಿ ಹಾನ್‌ಕೌ ಒಂದು. ಹುಯಿಝೌ ವರ್ತಕರು, ಶಾನ್‌ಶಿಯ ಹುಂಡಿ ವ್ಯವಹಾರದವರು, ಗುವಾಂಗ್‌ಡಾಂಗ್ ವ್ಯಾಪಾರಿಗಳು ತಮ್ಮ ತಮ್ಮ ಊರಿನ ಹೆಸರಿನಲ್ಲಿ ಸಂಘಗಳನ್ನು ಕಟ್ಟಿಕೊಂಡಿದ್ದರು. ಆ ಸಂಘಗಳು ಅಳತೆ ತೂಕವನ್ನು ಗೊತ್ತುಮಾಡುತ್ತಿದ್ದವು, ಬೆಂಕಿ ಆರಿಸುವ ತಂಡಗಳನ್ನು ಸಾಕುತ್ತಿದ್ದವು. ಪೇಟೆಯ ಬಹುದೊಡ್ಡ ಸರಕಾದ ಉಪ್ಪನ್ನು ವಿದೇಶಿ ವರ್ತಕರು ಮುಟ್ಟುವಂತೆಯೇ ಇರಲಿಲ್ಲ, ಒಪ್ಪಂದವೇ ಅದನ್ನು ನಿಷೇಧಿಸಿತ್ತು. ರಾಬರ್ಟ್ ಹಾರ್ಟ್ ನಡೆಸುತ್ತಿದ್ದ ಚೀನೀ ಸಾಮ್ರಾಜ್ಯದ ಸುಂಕ ಇಲಾಖೆ ವರ್ಷವರ್ಷವೂ ಅಚ್ಚುಕಟ್ಟಾದ ವರದಿ ಪ್ರಕಟಿಸುತ್ತಿತ್ತು ನಿಜ. ಆದರೆ ಅದು ಎಣಿಸಿದ್ದು ಮುಖ್ಯವಾಗಿ ವಿದೇಶಿ ಮಾದರಿಯ ಹಡಗುಗಳ ಸರಕನ್ನು. ದೇಸಿ ಹಾಯಿದೋಣಿಗಳು ಸುಂಕ ಕಟ್ಟುತ್ತಿದ್ದದ್ದು ಬೇರೆ ಕಟ್ಟೆಗಳಲ್ಲಿ. ಇಂಗ್ಲಿಷಿನಲ್ಲಿ ಸಲೀಸಾಗಿ ಸಿಗುವ ಆ ವರದಿಗಳನ್ನೇ ನೆಚ್ಚಿಕೊಂಡವರಿಗೆ ದೋಣಿಗಳ ಹಾನ್‌ಕೌ ಕಾಣದೆ ಹೋದದ್ದರಲ್ಲಿ ಅಚ್ಚರಿಯಿಲ್ಲ.

ಹಾಗಾದರೆ ಚಹಾದ ಮಾತೇನು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1860ರ ದಶಕದಲ್ಲಿ ರಷ್ಯನ್ ವರ್ತಕರು ಹುಬೈ ಪ್ರಾಂತ್ಯದ ಗುಡ್ಡಗಾಡಿನ ಚಹಾ ಊರುಗಳಿಗೇ ಹೋಗಿ ಇಟ್ಟಿಗೆ ಚಹಾ ಮಾಡಿಸತೊಡಗಿದರು. ಮುಂದಿನ ದಶಕದಲ್ಲಿ ಆ ಕೆಲಸವನ್ನು ಹಾನ್‌ಕೌಗೆ ತಂದು ಉಗಿಯಂತ್ರ ಹೂಡಿದರು. ಚಹಾಪುಡಿಯನ್ನು ಹಬೆಯಲ್ಲಿ ಮೆದುಮಾಡಿ ಅಚ್ಚಿಗೆ ಹಾಕಿ ಒತ್ತಿದರೆ ಗಟ್ಟಿಯಾದ ಹಲಗೆ ಸಿದ್ಧ. ಅದು ನದಿಯಲ್ಲಿ ಶಾಂಘೈಗೆ, ಅಲ್ಲಿಂದ ಟಿಯಾಂಜಿನ್‌ಗೆ, ಮುಂದೆ ಒಂಟೆಗಳ ಮೇಲೆ ಮಂಗೋಲಿಯಾ ದಾಟಿ ರಷ್ಯದ ಗಡಿಯ ಕ್ಯಾಖ್ತಾಕ್ಕೆ ಹೋಗುತ್ತಿತ್ತು. ಹುಲ್ಲುಗಾವಲಿನ ಜನ ಅದನ್ನು ಕುಡಿದದ್ದಷ್ಟೇ ಅಲ್ಲ, ಹಣದಂತೆಯೂ ಚಲಾಯಿಸಿದರು. 1891ರಲ್ಲಿ ರಷ್ಯದ ಯುವರಾಜ ನಿಕೋಲಾಯ್ ಹಾನ್‌ಕೌಗೆ ಭೇಟಿ ಕೊಟ್ಟ ಎಂದರೆ ಈ ದಂಧೆಯ ತೂಕ ಊಹಿಸಬಹುದು. ಯಂತ್ರ ರಷ್ಯನ್ನರದು, ಮಾರುಕಟ್ಟೆಯೂ ಅವರದೇ, ಇದನ್ನು ಅಲ್ಲಗಳೆಯಲಾಗದು. ಆದರೂ ಕ್ಯಾಖ್ತಾದ ದಾರಿ ಅವರು ಹುಡುಕಿದ್ದಲ್ಲ. ಶಾನ್‌ಶಿ ವರ್ತಕರು ತಲೆಮಾರುಗಳಿಂದ ಚಹಾ ಸಾಗಿಸುತ್ತಿದ್ದ ದಾರಿ ಅದು, ಒಪ್ಪಂದದ ಸುಂಕ ರಿಯಾಯಿತಿ ಹಿಡಿದು ಬಂದ ರಷ್ಯನ್ನರು ಅವರನ್ನು ಪಕ್ಕಕ್ಕೆ ತಳ್ಳಿದರು. ಇನ್ನು ಗುಡ್ಡದಿಂದ ಎಲೆ ತರಿಸುವವನು, ಸಾಲಕ್ಕೆ ಜಾಮೀನಾಗುವವನು ಕಾಂಪ್ರಡೋರ್, ಅಂದರೆ ವಿದೇಶಿ ಕಂಪನಿಯ ಚೀನೀ ದಲ್ಲಾಳಿ. 1883ರಲ್ಲಿ ತೂಕದ ವಿಚಾರವಾಗಿ ಜಗಳವೆದ್ದಾಗ ಚಹಾ ವರ್ತಕರ ಸಂಘ ಮಾರಾಟವನ್ನೇ ತಡೆಹಿಡಿಯಿತು. ವಿದೇಶಿಯರ ಬಂದೂಕುದೋಣಿಗಳು ಇದ್ದೇ ಇದ್ದವು. ಆದರೆ ಮಾರೆನೆಂದು ಕೂತವನ ಗೋದಾಮಿನಿಂದ ಚಹಾ ಹೊರಡಿಸುವ ಶಕ್ತಿ ಅವಕ್ಕಿರಲಿಲ್ಲ.

ವಿದೇಶಿಯರ ನಿಜವಾದ ಬಲ ಇದ್ದದ್ದು ಕಾನೂನಿನಲ್ಲಿ ಎನ್ನುವ ವಾದ ಚಹಾದ ವಾದಕ್ಕಿಂತ ಗಟ್ಟಿ. ಅವರು ಚೀನೀ ನ್ಯಾಯಾಲಯಕ್ಕೆ ಒಳಪಟ್ಟಿರಲಿಲ್ಲ, ಬ್ರಿಟಿಷ್ ವಸಾಹತಿನ ಬೀದಿಗಳಲ್ಲಿ ಪಂಜಾಬಿನಿಂದ ತಂದ ಸಿಖ್ ಪೊಲೀಸರು ಕಾವಲಿದ್ದರು. ಆ ಅವಮಾನ ಚೀನೀಯರಿಗೆ ದಿನನಿತ್ಯದ್ದು. ಆದರೆ ಅಧಿಕಾರವಿದ್ದಲ್ಲೆಲ್ಲ ವ್ಯಾಪಾರವೂ ಇತ್ತೆಂದು ಹೇಳಲಾಗದು. 1880ರ ದಶಕದಲ್ಲಿ ಬ್ರಿಟಿಷ್ ಕೊಳ್ಳುಗರು ಅಸ್ಸಾಂ, ಸಿಲೋನ್ ಚಹಾದತ್ತ ವಾಲಿದರು. 1917ರ ಕ್ರಾಂತಿಯ ಬಳಿಕ ರಷ್ಯದ ಮಾರುಕಟ್ಟೆಯೂ ಕುಸಿಯಿತು. ಚಹಾ ಬೆಳೆವ ಗುಡ್ಡಗಳಿಗೆ ಹೊಡೆತ ಬಿತ್ತು. ಊರು ಮಾತ್ರ ಹತ್ತಿ, ಟಂಗ್ ಎಣ್ಣೆ, ಎಳ್ಳು, ಚರ್ಮಗಳ ಮೇಲೆ ನಡೆಯಿತು. 1924ರಲ್ಲಿ ರಷ್ಯನ್ ವಸಾಹತು, 1927ರಲ್ಲಿ ಜನರ ಒತ್ತಡಕ್ಕೆ ಮಣಿದು ಬ್ರಿಟಿಷ್ ವಸಾಹತು ಚೀನಾದ ಕೈಗೆ ಮರಳಿದವು.

ಕಟ್ಟಡಗಳ ಸಾಕ್ಷ್ಯವನ್ನು ಪಕ್ಷಪಾತಿ ಮಾಡಿದ್ದು 1911. ಆ ಅಕ್ಟೋಬರ್‌ನಲ್ಲಿ ರಷ್ಯನ್ ವಸಾಹತಿನೊಳಗಿನ ಮನೆಯೊಂದರಲ್ಲಿ ಕ್ರಾಂತಿಕಾರಿಗಳ ಬಾಂಬು ಆಕಸ್ಮಿಕವಾಗಿ ಸಿಡಿಯಿತು. ಮರುದಿನ ನದಿಯಾಚೆಯ ವೂಚಾಂಗ್‌ನಲ್ಲಿ ದಂಗೆ ಎದ್ದು ಚಿಂಗ್ ರಾಜವಂಶವೇ ಮುಗಿಯಿತು. ಹಾನ್‌ಕೌ ಮರಳಿ ಪಡೆಯುವ ಹೋರಾಟದಲ್ಲಿ ಚಿಂಗ್ ಸೈನ್ಯ ಚೀನೀ ಪೇಟೆಗೆ ಬೆಂಕಿಯಿಟ್ಟಿತು, ವಸಾಹತುಗಳು ಉಳಿದುಕೊಂಡವು. ಆ ಬೆಂಕಿಯಲ್ಲಿ ಶಾನ್‌ಶಿ ಮತ್ತು ಪಕ್ಕದ ಪ್ರಾಂತ್ಯವಾದ ಶಾಆನ್‌ಶಿಯ ವರ್ತಕರ ವೈಭವದ ಭವನವೂ ಬೂದಿಯಾಯಿತು. ಅದೃಷ್ಟಕ್ಕೆ 1896ರಲ್ಲೇ ಆ ಸಂಘ ತನ್ನ ಭವನದ ಚರಿತ್ರೆಯನ್ನು ಅಚ್ಚುಹಾಕಿಸಿತ್ತು. ಸುಂಕ ಇಲಾಖೆಯ ವರದಿಗಳ ಪಕ್ಕದಲ್ಲಿಟ್ಟು ಓದಬೇಕಾದ ಪುಸ್ತಕ ಅದು.