ಸೂರತ್ತಿನ ಕೋಲಾಹಲ

ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಸಹಸ್ರಾರು ಜನರ ಸಭೆಯನ್ನು ಕಂಠಬಲದಿಂದಲೇ ವಶಮಾಡಿಕೊಳ್ಳಬಲ್ಲವರೆಂದು ವಿಖ್ಯಾತರಾಗಿದ್ದ ಸುರೇಂದ್ರನಾಥ ಬ್ಯಾನರ್ಜಿಯವರು, 1907ರ ಡಿಸೆಂಬರ್ 26ರಂದು ಸೂರತ್ತಿನ ಕಾಂಗ್ರೆಸ್ ಅಧಿವೇಶನದಲ್ಲಿ ರಾಸಬಿಹಾರಿ ಘೋಷರ ಅಧ್ಯಕ್ಷತೆಯನ್ನು ಅನುಮೋದಿಸಲೆಂದು ಎದ್ದು ನಿಂತರು. ಮಂದಗಾಮಿಗಳೂ ತೀವ್ರಗಾಮಿಗಳೂ ಆಗಲೇ ಘರ್ಷಿಸಿದ್ದ ಊರುಗಳ ಹೆಸರೆತ್ತಿ, ಮಿದನಾಪುರವನ್ನು ನೆನೆಯಿರಿ, ನಾಗಪುರವನ್ನು ನೆನೆಯಿರಿ ಎಂಬ ಕೂಗುಗಳ ನಡುವೆ, ಮೇಜನ್ನೇರಿ ನಿಂತರೂ, ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಸಭೆಯನ್ನು ಮರುದಿನಕ್ಕೆ ಮುಂದೂಡಬೇಕಾಯಿತು.

ಇದನ್ನು ಬರಿಯ ಪುಂಡಾಟವೆಂದು ತಳ್ಳಿಹಾಕಿದವರುಂಟು. ಆದರೆ 1906ರಲ್ಲಿ ಕಲ್ಕತ್ತೆಯಲ್ಲಿ ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ಅಂಗೀಕೃತವಾಗಿದ್ದ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣಗಳ ನಿರ್ಣಯಗಳನ್ನು ಮಂದಗಾಮಿಗಳು ಸಡಿಲಿಸುವರೆಂಬ ಶಂಕೆ ತೀವ್ರಗಾಮಿಗಳಲ್ಲಿ ಬೇರೂರಿದ್ದಿತು. ನಾಗಪುರದಲ್ಲಿ ಸೇರಬೇಕಾಗಿದ್ದ ಅಧಿವೇಶನವನ್ನು ಮಂದಗಾಮಿ ಮುಖಂಡ ಫಿರೋಜಶಹಾ ಮೆಹತಾರ ಪ್ರಾಬಲ್ಯವಿದ್ದ ಸೀಮೆಗೆ ಒಯ್ದುದು ಆ ಶಂಕೆಗೆ ನೀರೆರೆಯಿತು.

ಮರುದಿನ ಸುರೇಂದ್ರನಾಥರೇನೋ ಭಾಷಣವನ್ನು ಪೂರೈಸಿದರು. ಆದರೆ ಸಭೆಯನ್ನು ಮುಂದೂಡುವ ಸೂಚನೆಯೊಂದನ್ನು ಮಂಡಿಸಲು ಅವಕಾಶ ಬೇಡಿ, ಸ್ವಾಗತ ಸಮಿತಿಯ ಅಧ್ಯಕ್ಷ ತ್ರಿಭುವನದಾಸ ಮಾಳವಿಯವರಿಗೆ ತೀವ್ರಗಾಮಿಗಳ ಮುಖಂಡ ತಿಲಕರು ಮುಂಚೆಯೇ ಕಳುಹಿಸಿದ್ದ ಚೀಟಿಗೆ ಉತ್ತರವೇ ಬರಲಿಲ್ಲ. ಘೋಷರು ಚುನಾಯಿತರೆಂದು ಸಾರಿದೊಡನೆ ತಿಲಕರು ತಾವಾಗಿ ವೇದಿಕೆಯನ್ನೇರಿ, ಮಾತಾಡುವುದು ಕ್ರಮವಲ್ಲವೆಂದು ಎಷ್ಟು ಹೇಳಿದರೂ ಕದಲದೆ, ಕೈಕಟ್ಟಿ ಸಭೆಗೆ ಅಭಿಮುಖರಾಗಿ ನಿಂತುಬಿಟ್ಟರು. ಗದ್ದಲದಿಂದ ಬಾಯಿ ಮುಚ್ಚಿಸುವುದಕ್ಕೂ ಚೀಟಿಯನ್ನು ಜೇಬಿಗಿಳಿಸಿ ಬಾಯಿ ಮುಚ್ಚಿಸುವುದಕ್ಕೂ ಇರುವ ದೂರ ಬಹಳವೇನೂ ಅಲ್ಲವೆಂದು ನನಗೆ ತೋರುತ್ತದೆ. ಎರಡನೆಯದು ಕೇಳಿಸುವುದಿಲ್ಲವಾದ್ದರಿಂದ ಸಭ್ಯವೆನಿಸಿಕೊಳ್ಳುತ್ತದೆ, ಅಷ್ಟೆ. ತಿಲಕರನ್ನು ಎಳೆದುಹಾಕಲು ನುಗ್ಗಿದ ತರುಣರಿಗೆ ಅಡ್ಡವಾಗಿ ಕೈಚಾಚಿ ನಿಂತವರು, ಅವರ ಪರಮ ಪ್ರತಿಪಕ್ಷಿ ಗೋಖಲೆಯವರೇ. ಅಷ್ಟರಲ್ಲಿ ಮರಾಠಿ ಮಾದರಿಯ ಪಾದರಕ್ಷೆಯೊಂದು ಹಾರಿಬಂದು ಸುರೇಂದ್ರನಾಥರ ಕೆನ್ನೆಗೂ ಮೆಹತಾರಿಗೂ ತಗುಲಿತೆಂದು, ಪ್ರತ್ಯಕ್ಷದರ್ಶಿಯಾಗಿದ್ದ ಆಂಗ್ಲ ಪತ್ರಕರ್ತ ನೆವಿನ್ಸನ್ ಬರೆದಿದ್ದಾನೆ. ಕುರ್ಚಿಗಳು ತೂರಾಡಿದುವು, ಕೋಲುಗಳು ಮೇಲೆದ್ದುವು. ಘೋಷರ ಅಧ್ಯಕ್ಷಭಾಷಣ ಆರಂಭದಲ್ಲಿಯೇ ನಿಂತಿತು. ಕಡೆಗೆ ಪೋಲೀಸರು ಬಂದು ಚಪ್ಪರವನ್ನು ತೆರವುಮಾಡಿಸಿದರು.

ಡಿಸೆಂಬರ್ 28ರಂದು ಮಂದಗಾಮಿಗಳು, ತಮ್ಮ ಧ್ಯೇಯಕ್ಕೆ ಒಪ್ಪಿ ಸಹಿಮಾಡಿದವರನ್ನು ಮಾತ್ರ ಒಳಗೆ ಬಿಟ್ಟುಕೊಂಡು, ಪ್ರತ್ಯೇಕವಾಗಿ ಸಭೆ ಸೇರಿದರು. ಅಲ್ಲಿ ಗದ್ದಲಕ್ಕೆ ಆಸ್ಪದವಿರಲಿಲ್ಲ, ಭಿನ್ನಾಭಿಪ್ರಾಯಕ್ಕೂ ಇರಲಿಲ್ಲ. 1908ರಲ್ಲಿ ತಿಲಕರು ರಾಜದ್ರೋಹದ ಆಪಾದನೆಗೆ ಗುರಿಯಾಗಿ ಆರು ವರ್ಷದ ಶಿಕ್ಷೆ ಪಡೆದು ಮಂಡಾಲೆಗೆ ಸಾಗಿದರು. ಎರಡು ಪಕ್ಷಗಳೂ ಮತ್ತೆ ಕೂಡಿದುದು 1916ರಲ್ಲಿ, ಲಖನೌದಲ್ಲಿ; ತಿಲಕರು, ರಾಸಬಿಹಾರಿ ಘೋಷರು, ಸುರೇಂದ್ರನಾಥರು ಒಂದೇ ವೇದಿಕೆಯ ಮೇಲೆ ಅಕ್ಕಪಕ್ಕ ಕುಳಿತರು. ಮೆಹತಾರೂ ಗೋಖಲೆಯವರೂ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.