ಬೇಡದ ಶ್ರುತಿ

ತಂಬೂರಿಯ ಶ್ರುತಿ ಹಾಡುಗಾರಿಕೆಗೆ ಆಧಾರ. ಆದರೆ ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರಿನ ಗುಂಡಿ ಒತ್ತಿದೊಡನೆ, ಹಾಡು ಮೊದಲಾಗುವ ಮುಂಚೆಯೇ ಹೊರಡುವ ‘ಗುಂಯ್’ ಎಂಬ ಶ್ರುತಿ ಯಾರಿಗೂ ಬೇಕಾದದ್ದಲ್ಲ. ರಿಪೇರಿಯವರು ಇದಕ್ಕೆ ‘ಹಮ್’ ಎನ್ನುತ್ತಾರೆ. ತರಗತಿಯಲ್ಲಿ ಕನ್ನಡ ಪಾಠ ಹೇಳುವ ನನಗೆ ಬಿಡುವಿನಲ್ಲಿ ಬೆಸುಗೆ ಹಾಕುವ ಚಪಲ. ಹಾಗಾಗಿ ಈ ಗುಂಯ್‌ಕಾರದ ಸಹವಾಸ ಹಳೆಯದು. ಅದರ ಪೂರ್ವೋತ್ತರವನ್ನು ತಿಳಿಯುವ ಕುತೂಹಲವೂ ಆ ಸಹವಾಸದಿಂದಲೇ ಹುಟ್ಟಿತು.

1920ರ ದಶಕದ ಆರಂಭದಲ್ಲಿ ಮನೆಯ ರೇಡಿಯೋಗಳು ಬ್ಯಾಟರಿಯಿಂದ ನಡೆಯುತ್ತಿದ್ದವು. ವಾಲ್ವಿನೊಳಗಿನ ತಂತಿಯನ್ನು ಕಾಯಿಸಲು ಒಂದು ಬ್ಯಾಟರಿ, ಹೆಚ್ಚಿನ ವೋಲ್ಟೇಜಿಗೆ ಇನ್ನೊಂದು. ಖರ್ಚು ಬಹಳ, ಆಸಿಡ್ಡಿನ ಕಾಟ ಬೇರೆ. ಆದರೆ ಬ್ಯಾಟರಿಯ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಸಮನಾಗಿ ಹರಿಯುವುದರಿಂದ ಗುಂಯ್‌ಕಾರದ ಮಾತಿರಲಿಲ್ಲ. ಮನೆಯ ದೀಪದ ವಿದ್ಯುತ್ತಿನಿಂದಲೇ ಸೆಟ್ಟನ್ನು ನಡೆಸಹೊರಟಾಗ ತೊಡಕು ತಲೆದೋರಿತು. ಆ ವಿದ್ಯುತ್ತು ದಿಕ್ಕು ಬದಲಿಸುತ್ತಲೇ ಇರುತ್ತದೆ: ನಮ್ಮಲ್ಲಿ ಸೆಕೆಂಡಿಗೆ 50 ಆವರ್ತ, ಅಮೆರಿಕದಲ್ಲಿ 60. ಕಾದ ತಂತಿಯೇ ಎಲೆಕ್ಟ್ರಾನುಗಳನ್ನು ಸೂಸುತ್ತಿದ್ದ ಆ ವಾಲ್ವುಗಳಲ್ಲಿ ಈ ಏರಿಳಿತ ಧ್ವನಿಯೊಳಕ್ಕೆ ನುಸುಳಿತು.

ಕಾಯಿಸುವ ತಂತಿಯನ್ನೂ ಎಲೆಕ್ಟ್ರಾನು ಸೂಸುವ ಭಾಗವನ್ನೂ ಬೇರ್ಪಡಿಸಿದ್ದು ಇದಕ್ಕೆ ದೊರೆತ ಉತ್ತರ. ಒಲೆಯ ಉರಿ ಕುಣಿದರೂ ದಪ್ಪ ತಳದ ಪಾತ್ರೆಯ ಬಿಸಿ ಕುಣಿಯುವುದಿಲ್ಲವಷ್ಟೆ. ತಂತಿಯ ಸುತ್ತ ತೊಡಿಸಿದ ಲೋಹದ ಕೊಳವೆ ಅಂಥ ಪಾತ್ರೆಯಾಯಿತು. ಕೆನಡಾದ ಟೊರಾಂಟೋದಲ್ಲಿ ಎಡ್ವರ್ಡ್ ರಾಜರ್ಸ್ 1925ರಲ್ಲಿ ಬ್ಯಾಟರಿಯಿಲ್ಲದ ರೇಡಿಯೋವನ್ನು ಮಾರುಕಟ್ಟೆಗೆ ತಂದನು. 1927ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ 227 ಎಂಬ ವಾಲ್ವು ಬಂದಿತು. ಅದೇ ವರ್ಷದ ಆಗಸ್ಟ್ 2ರಂದು ಕೆಲಸಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರಿಗೆ ಒಂದು ಉಪಾಯ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಅದನ್ನು ಗೀಚಿದನು. ಹೊರಬಂದ ಧ್ವನಿಯ ಒಂದು ಪಾಲನ್ನು ತಿರುಗುಮುರುಗಾಗಿಸಿ ಒಳಕ್ಕೇ ಮರಳಿಸಿದರೆ ಆಂಪ್ಲಿಫೈಯರು ತನ್ನ ದೋಷವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 1947ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾದ ವಿಲಿಯಮ್ಸನ್ನನ ಆಂಪ್ಲಿಫೈಯರಿನಲ್ಲಿ ಇದೇ ತತ್ತ್ವ ಅಡಗಿತ್ತು. ಎಷ್ಟೋ ಹವ್ಯಾಸಿಗಳು ಅದನ್ನು ನೋಡಿಕೊಂಡು ಮನೆಯಲ್ಲೇ ಕಟ್ಟಿದರು.

ಇಷ್ಟಾದರೂ ಹಮ್ ಸಾಯಲಿಲ್ಲ; ಮನೆಯಲ್ಲಿ ಕಟ್ಟಿದ ಪೆಟ್ಟಿಗೆಗಳಲ್ಲಿ ಇಂದಿಗೂ ಅಡಗಿ ಕುಳಿತಿರುತ್ತದೆ. ಹಿಡಿಯುವುದಕ್ಕೆ ಮೊದಲು ಕಿವಿಯೇ ಸಾಧನ. ಗೋಡೆಯ ವಿದ್ಯುತ್ತನ್ನು ಏಕಮುಖಗೊಳಿಸುವಾಗ ಉಳಿಯುವ ಅಲೆ ಸಾಮಾನ್ಯವಾಗಿ ಸೆಕೆಂಡಿಗೆ 100. ಇದು ಕೇಳಿದರೆ ಅಲೆಯನ್ನು ಸಮಗೊಳಿಸುವ ಕಂಡೆನ್ಸರ್ ಸೊರಗಿದೆಯೆಂದು ಶಂಕಿಸಬಹುದು. 50 ಆದರೆ ಅದೇ ಸ್ವರ, ಒಂದು ಸ್ಥಾಯಿ ಕೆಳಗೆ; ಟ್ರಾನ್ಸ್‌ಫಾರ್ಮರಿಗೆ ತೀರ ಹತ್ತಿರ ಹಾಯ್ದ ತಂತಿಯನ್ನೋ ಅರ್ತಿನ ಸುತ್ತುದಾರಿಯನ್ನೋ ಹುಡುಕಬೇಕು. ಬಳಿಕ ವಾಲ್ಯೂಮಿನ ತಿರುಪನ್ನು ಪೂರ್ತಿ ಇಳಿಸಿ ನೋಡುವುದು. ಸದ್ದು ನಿಂತರೆ ಮೂಲ ತಿರುಪಿನ ಹಿಂದೆ, ನಿಲ್ಲದಿದ್ದರೆ ಮುಂದೆ. ಪಾಠಾಂತರಗಳ ನಡುವೆ ಲಿಪಿಕಾರನ ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕುವ ನಮ್ಮ ಗ್ರಂಥಸಂಪಾದನೆಯ ಕೆಲಸಕ್ಕೂ ಇದಕ್ಕೂ ಬಹಳ ಅಂತರ ಕಾಣದು.

ಅರ್ತಿನ ಸುತ್ತುದಾರಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎರಡು ಪೆಟ್ಟಿಗೆಗಳು ಬೇರೆ ಬೇರೆ ಕಡೆ ಅರ್ತಿಗೆ ಸೇರಿ, ತಮ್ಮೊಳಗೆ ಮತ್ತೊಂದು ತಂತಿಯಿಂದಲೂ ಸೇರಿದಾಗ ಈ ಸುತ್ತು ಉಂಟಾಗುತ್ತದೆ. ಪ್ಲಗ್ಗಿನ ಅರ್ತ್ ತಂತಿಯನ್ನು ಕಿತ್ತರೆ ಹಮ್ ಥಟ್ಟನೆ ನಿಲ್ಲಬಹುದು. ಹಾಗೆ ಕಿತ್ತು ಹಿಗ್ಗಿದವರನ್ನು ಕಂಡಿದ್ದೇನೆ. ಆದರೆ ಒಳಗಿನ ತಂತಿಯೊಂದು ಸವೆದು ತಗಡಿಗೆ ತಾಗಿದ ದಿನ ಮುಟ್ಟಿದವನ ಜೀವ ಕಾಯುವುದು ಆ ಒಂದು ತಂತಿಯೇ. ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚುವುದು, ಪೆಟ್ಟಿಗೆಯೊಳಗಿನ ಅರ್ತ್ ತಂತಿಗಳನ್ನೆಲ್ಲ ಒಂದೇ ಬಿಂದುವಿಗೆ ತರುವುದು ಸರಿಯಾದ ದಾರಿ. ಇದಕ್ಕೆ ಒಂದು ಸಂಜೆ ಹೆಚ್ಚು ಹಿಡಿದೀತು. ಹಿಡಿಯಲಿ, ಮೌನವನ್ನು ಜೀವದ ಬೆಲೆಗೆ ಕೊಳ್ಳಬೇಕಾಗಿಲ್ಲ.